ಕಾಂಪೌಂಡ್ ಬಿಲ್ಲಿಗೆ ಯಾವ ರಿಲೀಸ್? ಬೇಟೆಯ ರಿಲೀಸ್, ಗುರಿಯ ರಿಲೀಸ್: ಆಯ್ಕೆಯಿಂದ 50 ಮೀಟರ್‌ವರೆಗೆ

ತುಮಕೂರಿನ ಹೊರಗೆ ಒಂದು ತೆಂಗಿನ ತೋಟದ ಪಕ್ಕದ ಬಯಲಿನಲ್ಲಿ ಭಾನುವಾರ ಬೆಳಿಗ್ಗೆ ನಾವು ಕೆಲವರು ಕಾಂಪೌಂಡ್ ಬಿಲ್ಲು (ತುದಿಗಳಲ್ಲಿ ಕ್ಯಾಮ್ ಎಂಬ ಗಾಲಿಗಳಿರುವ ಬಿಲ್ಲು) ಅಭ್ಯಾಸ ಮಾಡುತ್ತೇವೆ. ಇದರ ಹೆದೆಯನ್ನು ಬೆರಳಿನ ಬದಲು ರಿಲೀಸ್ ಎಂಬ ಕೊಕ್ಕೆಯ ಸಾಧನದಿಂದ ಎಳೆದು ಬಿಡುತ್ತೇವೆ. ಹೊಸಬರು ಬಂದಾಗಲೆಲ್ಲ ಒಂದೇ ತೊಂದರೆ ಕಾಣುತ್ತದೆ. ಮಣಿಕಟ್ಟಿಗೆ ಪಟ್ಟಿ ಬಿಗಿದ, ತೋರುಬೆರಳಿನ ಟ್ರಿಗರ್ ಇರುವ ರಿಲೀಸ್ ತಂದಿರುತ್ತಾರೆ. 20 ಮೀಟರಿನಲ್ಲಿ ಬಾಣಗಳು ಒತ್ತಾಗಿ ಕೂರುತ್ತವೆ, 50ಕ್ಕೆ ಹೋದ ಕೂಡಲೇ ಚೆದುರುತ್ತವೆ. ಆಮೇಲೆ ಬಾಣ ಬದಲಿಸುತ್ತಾರೆ, ಸೈಟ್ (ಬಿಲ್ಲಿನ ಮೇಲೆ ಗುರಿ ನೋಡುವ ಸಾಧನ) ಬದಲಿಸುತ್ತಾರೆ, ಬಿಲ್ಲನ್ನು ಬೆಂಗಳೂರಿಗೆ ಕೊಂಡೊಯ್ದು ಟ್ಯೂನ್ ಮಾಡಿಸುತ್ತಾರೆ. ತಪ್ಪು ಇರುವುದು ಬೆರಳಿನಲ್ಲಿ. ಸೈಟಿನ ಚುಕ್ಕಿ ಗುರಿಹಾಳೆಯ ನಡುವಿನ ಹಳದಿಗೆ ಬಂದ ಕ್ಷಣವೇ ಬೆರಳು ಟ್ರಿಗರನ್ನು ಬಡಿಯುತ್ತದೆ, ಇಡೀ ದೇಹ ಒಮ್ಮೆ ಅದುರುತ್ತದೆ.

ನಾನೂ ಒಂದೂವರೆ ವರ್ಷ ಇದೇ ಕಾಯಿಲೆಯಲ್ಲಿ ಕಳೆದವನು. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ಯಾವ ರಿಲೀಸ್ ಕೊಳ್ಳಬೇಕು ಎಂಬುದರ ಜೊತೆಗೆ, ಕೊಂಡ ಮೇಲೆ ಯಾವ ಕ್ರಮದಲ್ಲಿ ಅದನ್ನು ಕೈಗೆ ಒಗ್ಗಿಸಬೇಕು ಎಂಬುದೂ ಇಲ್ಲಿದೆ. ಹಂತಗಳ ಕ್ರಮ ತಪ್ಪಿಸಬೇಡಿ. ಸೋಲುವವರಲ್ಲಿ ಹೆಚ್ಚಿನವರು 5ನೇ ಹಂತವನ್ನು ಹಾರಿಸಿದವರು.

ಮೊದಲು ಕೈಗೆಟುಕುವಂತೆ ಇಟ್ಟುಕೊಳ್ಳಬೇಕಾದವು

ಅಲೆನ್ ಕೀಗಳ ಒಂದು ಸೆಟ್ (ರಿಲೀಸಿನ ಸ್ಕ್ರೂಗಳು ತೀರಾ ಸಣ್ಣವು, ಸೈಕಲ್ ಅಂಗಡಿಯ ಕೀಗಳು ಹೊಂದುವುದಿಲ್ಲ), ಎರಡು ಮೀಟರ್ ಗಟ್ಟಿ ನೈಲಾನ್ ಹಗ್ಗ, ಡಿ-ಲೂಪ್‌ಗೆ (ರಿಲೀಸಿನ ಕೊಕ್ಕೆ ಸಿಕ್ಕಿಸಲು ಹೆದೆಗೆ ಕಟ್ಟುವ ಸಣ್ಣ ಕುಣಿಕೆ) ಒಂದಿಷ್ಟು ಹೆಚ್ಚುವರಿ ದಾರ, ಸಣ್ಣ ಮೊನೆಯ ಮಾರ್ಕರ್ ಪೆನ್ನು, ಒಂದು ಹಳೆಯ ಹಲ್ಲುಜ್ಜುವ ಬ್ರಷ್. ಇದರ ಜೊತೆಗೆ ಐದು ಮೀಟರಿನಿಂದ ಹೊಡೆದರೂ ಬಾಣ ಆಚೆ ದಾಟದಂತಹ ದಪ್ಪ ಫೋಮ್ ಅಥವಾ ಒತ್ತಿ ಕಟ್ಟಿದ ರಟ್ಟಿನ ದಿಂಡು ಬೇಕು. ಅದರ ಹಿಂದೆ ಮಣ್ಣಿನ ದಿಬ್ಬ ಇರಲಿ. ತೋಟದಲ್ಲಿ ದನ ಕಾಯುವವರು, ಎಳನೀರು ಕೀಳುವವರು ಯಾವ ಹೊತ್ತಿನಲ್ಲಾದರೂ ಬರಬಹುದು. ಬರೀ ಬೇಲಿಯನ್ನು ನಂಬಿ ಹೊಡೆಯಬೇಡಿ.

ಹಂತ 1: ನಿಮಗೆ ರಿಲೀಸ್ ಬೇಕೇ ಎಂದು ನೋಡಿ

ರಿಕರ್ವ್ ಬಿಲ್ಲು (ತುದಿಗಳು ಮುಂದಕ್ಕೆ ಬಾಗಿದ, ಗಾಲಿಗಳಿಲ್ಲದ ಬಿಲ್ಲು) ಹಿಡಿಯುವವರಿಗೆ ಬೇಡ. ಸ್ಪರ್ಧೆಯಲ್ಲಿ ಅವರು ಬೆರಳಿನಿಂದಲೇ, ಸಾಮಾನ್ಯವಾಗಿ ಚರ್ಮದ ಟ್ಯಾಬ್ ಹಾಕಿಕೊಂಡು, ಹೆದೆ ಬಿಡಬೇಕು. ಬಿದಿರಿನ ಬಿಲ್ಲಿನ ಇಂಡಿಯನ್ ರೌಂಡ್ ಆಡುವ ಮಕ್ಕಳಿಗೂ ಬೇಡ. ರಿಲೀಸ್ ಇರುವುದು ಕಾಂಪೌಂಡ್ ಬಿಲ್ಲಿಗೆ ಮಾತ್ರ. ವರ್ಲ್ಡ್ ಆರ್ಚರಿ (ಬಿಲ್ಲುಗಾರಿಕೆಯ ಅಂತರರಾಷ್ಟ್ರೀಯ ಸಂಸ್ಥೆ) ನಿಯಮದಲ್ಲಿ ರಿಲೀಸನ್ನು ಬಿಲ್ಲಿಗೆ ಯಾವ ರೀತಿಯಲ್ಲೂ ಜೋಡಿಸಿರಬಾರದು, ಅದರಲ್ಲಿ ಎಲೆಕ್ಟ್ರಾನಿಕ್ ಭಾಗವೂ ಇರಬಾರದು. ಇಷ್ಟು ಬಿಟ್ಟರೆ ಮಣಿಕಟ್ಟಿನದೋ ಕೈಯಲ್ಲಿ ಹಿಡಿಯುವುದೋ ಎಂಬ ಆಯ್ಕೆ ನಿಮ್ಮದೇ.

ಹಂತ 2: ಯಾವುದಕ್ಕಾಗಿ ಹೊಡೆಯುತ್ತೀರಿ ಎಂದು ತೀರ್ಮಾನಿಸಿ

ಅಂತರ್ಜಾಲದಲ್ಲಿ ಸಿಗುವ ರಿಲೀಸ್ ವಿಡಿಯೊಗಳಲ್ಲಿ ಬಹಳಷ್ಟು ಅಮೆರಿಕದ ಬೇಟೆಗಾರರವು. ನಮ್ಮ ಹುಡುಗರು ಅವನ್ನು ನೋಡಿ ಕೊಳ್ಳುತ್ತಾರೆ. ಆದ್ದರಿಂದ ಆ ಬೇಟೆಗಾರನಿಗೆ ಏನು ಬೇಕು ಎಂದು ಮೊದಲು ತಿಳಿಯಬೇಕು.

ಅವನು ಮರದ ಮೇಲಿನ ಅಟ್ಟಣೆಯಲ್ಲಿ ಚಳಿಯಲ್ಲಿ ಗಂಟೆಗಟ್ಟಲೆ ಕೂರುತ್ತಾನೆ. ಕೈಗವಸು ಹಾಕಿರುತ್ತಾನೆ. ಜಿಂಕೆ ಬಂದರೆ ಸಿಗುವುದು ಕೆಲವೇ ಕ್ಷಣ, ಹೊಡೆಯುವುದು ಒಂದೇ ಬಾಣ. ರಿಲೀಸ್ ಕೈಜಾರಿ ನೆಲಕ್ಕೆ ಬಿದ್ದರೆ ಅವತ್ತಿನ ಕೆಲಸ ಮುಗಿಯಿತು. ಹಾಗಾಗಿ ಅವನಿಗೆ ಮಣಿಕಟ್ಟಿಗೆ ಕಟ್ಟಿಕೊಂಡಿರುವ, ನೋಡದೆಯೇ ಲೂಪಿಗೆ ಸಿಕ್ಕಿಸಬಹುದಾದ, ಬೇಕೆಂದ ಕ್ಷಣಕ್ಕೆ ಬಿಡುವ ಸಾಧನ ಬೇಕು. ತೋರುಬೆರಳಿನ ಟ್ರಿಗರ್ ಈ ಮೂರನ್ನೂ ಕೊಡುತ್ತದೆ. ಪಟ್ಟಿ ಬಿಚ್ಚುವಾಗ ಪರ್ರ್ ಎಂದು ಸದ್ದು ಮಾಡುವ ವೆಲ್ಕ್ರೋಗಿಂತ ಬಕಲ್ ಪಟ್ಟಿಯನ್ನೇ ಅವನು ಆರಿಸುತ್ತಾನೆ, ಏಕೆಂದರೆ ಆ ಸದ್ದಿಗೆ ಪ್ರಾಣಿ ಬೆದರುತ್ತದೆ. ಅವನ ಮಟ್ಟಿಗೆ ಇದೆಲ್ಲ ಸರಿ.

ಗುರಿಯ ಬಿಲ್ಲುಗಾರನ ದಿನ ಬೇರೆ. ಹೊರಾಂಗಣದಲ್ಲಿ ಕಾಂಪೌಂಡ್ ದೂರ 50 ಮೀಟರ್, ಗುರಿಹಾಳೆ 80 ಸೆಂಟಿಮೀಟರ್, ಅದರಲ್ಲಿ ಹತ್ತರ ವೃತ್ತದ ಅಗಲ 8 ಸೆಂಟಿಮೀಟರ್ ಮಾತ್ರ. ಅರ್ಹತಾ ಸುತ್ತಿನಲ್ಲಿ 72 ಬಾಣ. ಆಮೇಲಿನ ಪಂದ್ಯದಲ್ಲಿ 15 ಬಾಣ, ಸರದಿಯಂತೆ ಹೊಡೆಯುವಾಗ ಪ್ರತಿ ಬಾಣಕ್ಕೆ 20 ಸೆಕೆಂಡ್. ಇಲ್ಲಿ ಬೇಗ ಹೊಡೆದದ್ದಕ್ಕೆ ಬಹುಮಾನವಿಲ್ಲ. ಮೊದಲ ಬಾಣ ಹೇಗೆ ಬಿಟ್ಟಿತೋ ಎಪ್ಪತ್ತೆರಡನೆಯದೂ ಹಾಗೆಯೇ ಬಿಡಬೇಕು. ‘ಈಗ’ ಎಂದು ಮನಸ್ಸು ಹೇಳಿದಾಗ ಬಿಡುವ ರಿಲೀಸ್ ಇಲ್ಲಿ ಶತ್ರುವಾಗುತ್ತದೆ. ‘ಈಗ’ ಎನ್ನುವ ಕ್ಷಣದಲ್ಲೇ ತೋಳು ಅದುರುತ್ತದೆ, 8 ಸೆಂಟಿಮೀಟರ್ ಕೈತಪ್ಪುತ್ತದೆ.

ಇಲ್ಲಿ ಇನ್ನೊಂದು ಮಾತನ್ನು ನೇರವಾಗಿ ಹೇಳಿಬಿಡಬೇಕು. ನಮ್ಮಲ್ಲಿ ಬಿಲ್ಲಿನಿಂದ ಬೇಟೆ ಎಂಬ ಹವ್ಯಾಸವೇ ಇಲ್ಲ. ವನ್ಯಜೀವಿ ಸಂರಕ್ಷಣಾ ಕಾಯ್ದೆ, 1972ರ 9ನೇ ಸೆಕ್ಷನ್ ಬೇಟೆಯನ್ನು ನಿಷೇಧಿಸುತ್ತದೆ. ಮಧುಗಿರಿ ತಾಲ್ಲೂಕಿನ ಮೈದನಹಳ್ಳಿಯ ಕೃಷ್ಣಮೃಗಗಳಾಗಲಿ, ದೇವರಾಯನದುರ್ಗದ ಕಾಡಿನ ಹಂದಿ, ನವಿಲುಗಳಾಗಲಿ ಯಾರ ಗುರಿಹಾಳೆಯೂ ಅಲ್ಲ. ಬಿಲ್ಲು ತಂದವರು ‘ಮೊಲ ಹೊಡೆಯೋಣ’ ಎಂದರೆ ನಾವು ಅವರನ್ನು ಮೈದಾನಕ್ಕೆ ಸೇರಿಸುವುದಿಲ್ಲ. ಹಾಗಾಗಿ ತುಮಕೂರು, ಕೋಲಾರ, ಚಿಕ್ಕಬಳ್ಳಾಪುರದಲ್ಲಿ ಕುಳಿತು ಇದನ್ನು ಓದುವವರಿಗೆ ಉತ್ತರ ಒಂದೇ: ಗುರಿಯ ರಿಲೀಸ್. ಬೇಟೆ ಕಾನೂನುಬದ್ಧವಾಗಿರುವ ದೇಶದಲ್ಲಿ ನೆಲೆಸಿ, ಪರವಾನಗಿ ಪಡೆದ ನಮ್ಮೂರಿನವರಿಗೆ ಮಾತ್ರ ಮಣಿಕಟ್ಟಿನ ರಿಲೀಸ್ ಮೊದಲ ಆಯ್ಕೆಯಾಗಬಹುದು. ಅಲ್ಲಿಯೂ ಈಗ ಹೆಬ್ಬೆರಳಿನ ಬಟನ್ ಬಳಸುವ ಬೇಟೆಗಾರರು ಸಾಕಷ್ಟು ಇದ್ದಾರೆ.

ಹಂತ 3: ನಾಲ್ಕು ಬಗೆಯನ್ನು ಕೈಯಲ್ಲಿ ಹಿಡಿದು ನೋಡಿ

ಮಣಿಕಟ್ಟಿನ ರಿಲೀಸ್. ಎಳೆತದ ಭಾರ ಮಣಿಕಟ್ಟಿನ ಮೇಲೆ, ಬಿಡುವುದು ತೋರುಬೆರಳು. ಬೆಲೆ ಕಡಿಮೆ, ಕೆಲವು ಸಾವಿರಕ್ಕೆ ಸಿಗುತ್ತದೆ. ಕಲಿಯುವವರು ಮೊದಲ ಕೆಲವು ವಾರ ನಿಲುವು ಮತ್ತು ಎಳೆತ ಕಲಿಯಲು ಇದನ್ನು ಬಳಸಿದರೆ ತಪ್ಪಿಲ್ಲ. ಕೈಯಿಂದ ಜಾರುವುದಿಲ್ಲ, ಅದು ನಿಜಕ್ಕೂ ದೊಡ್ಡ ಗುಣ. ಆದರೆ ತೋರುಬೆರಳು ದಿನವಿಡೀ ಫೋನು, ಪೆನ್ನು ಎಂದು ಅಪ್ಪಣೆ ಪಾಲಿಸಿಯೇ ಅಭ್ಯಾಸವಾದ ಬೆರಳು. ಬಡಿಯುವ ಚಟ ಅದಕ್ಕೆ ಬೇಗ ಹತ್ತುತ್ತದೆ.

ಹೆಬ್ಬೆರಳಿನ ಬಟನ್. ಮೂರು ಅಥವಾ ನಾಲ್ಕು ಬೆರಳಲ್ಲಿ ಹಿಡಿಯುವ ಲೋಹದ ಹಿಡಿ, ಪಕ್ಕದಲ್ಲಿ ಹೆಬ್ಬೆರಳು ಕೂರುವ ಉರುಳೆ. ಇಲ್ಲಿನ ಹೊಸಬರಿಗೆ ನಾನು ಹೇಳುವುದು ಇದನ್ನೇ. ಎಳೆಯುವಾಗ ಹೆಬ್ಬೆರಳನ್ನು ದೂರ ಇಡಬಹುದು, ಆದ್ದರಿಂದ ಸುರಕ್ಷಿತ. ಬೆನ್ನಿನ ಎಳೆತದಿಂದ ಬಿಡುವುದನ್ನೂ ಇದರಲ್ಲೇ ಕಲಿಯಬಹುದು. ಆಷಾಢದ ಗಾಳಿಯಲ್ಲಿ ಬಿಲ್ಲು ತೂಗಾಡುವಾಗ ಹೊಡೆತವನ್ನು ಹಿಡಿತದಲ್ಲಿ ಇಟ್ಟುಕೊಳ್ಳಲೂ ಆಗುತ್ತದೆ.

ಹಿಂಜ್. ಇದರಲ್ಲಿ ಟ್ರಿಗರೇ ಇಲ್ಲ. ಹಿಡಿ ನಿಧಾನವಾಗಿ ತಿರುಗಿದಂತೆ ಒಳಗಿನ ಅರ್ಧಚಂದ್ರದಂತಹ ತುಂಡಿನ ಅಂಚಿನಿಂದ ಕೊಕ್ಕೆ ಜಾರಿ ಬಿಡುತ್ತದೆ. ಬಡಿಯುವ ಚಟ ಬಿಡಿಸಲು ಒಳ್ಳೆಯ ಮದ್ದು. ಆದರೆ ಅರ್ಧ ಎಳೆದಾಗಲೇ ತಿರುಗಿದರೆ ಹಿಡಿಯ ಕೈ ನೇರವಾಗಿ ಬಾಯಿಗೆ ಬಡಿಯುತ್ತದೆ. ಹೆಬ್ಬೆರಳು ಊರಲು ಗೂಟ ಇರುವ ಹಿಂಜನ್ನೇ ಕೊಳ್ಳಿ. ಬಿಡುವ ಮುನ್ನ ‘ಟಿಕ್’ ಎನ್ನುವ ಸೌಲಭ್ಯವಿದ್ದರೆ ಇನ್ನೂ ಒಳ್ಳೆಯದು.

ರೆಸಿಸ್ಟೆನ್ಸ್ ರಿಲೀಸ್. ಎಳೆಯುವಾಗ ಹೆಬ್ಬೆರಳಲ್ಲಿ ಸೇಫ್ಟಿ ಒತ್ತಿ ಹಿಡಿದಿರಬೇಕು. ಆ್ಯಂಕರಿಗೆ (ಪೂರ್ತಿ ಎಳೆದಾಗ ಕೈ ದವಡೆಗೆ ತಾಗಿ ನಿಲ್ಲುವ ಜಾಗಕ್ಕೆ) ಬಂದ ಮೇಲೆ ಸೇಫ್ಟಿ ಬಿಟ್ಟು, ಇನ್ನಷ್ಟು ಎಳೆದಾಗ ನಿಗದಿತ ಭಾರ ದಾಟಿದೊಡನೆ ಬಿಡುತ್ತದೆ. ಇದಕ್ಕೆ ನಿಮ್ಮ ಹಿಡಿತದ ತೂಕ ಗೊತ್ತಿರಬೇಕು. 60 ಪೌಂಡಿನ ಬಿಲ್ಲಿಗೆ 75 ಪ್ರತಿಶತ ಲೆಟ್‌ಆಫ್ (ಕೊನೆಯಲ್ಲಿ ಕ್ಯಾಮ್‌ನಿಂದಾಗಿ ಇಳಿಯುವ ಎಳೆತದ ಭಾರ) ಇದ್ದರೆ ಪೂರ್ತಿ ಎಳೆದಾಗ ಕೈಯಲ್ಲಿ ಉಳಿಯುವುದು 15 ಪೌಂಡ್, 80 ಪ್ರತಿಶತ ಇದ್ದರೆ 12. ರಿಲೀಸನ್ನು ಅದಕ್ಕಿಂತ ಮೂರ್ನಾಲ್ಕು ಪೌಂಡ್ ಮೇಲೆ ಹೊಂದಿಸಿ ಆರಂಭಿಸುವುದು ರೂಢಿ. ಬಿಲ್ಲಿನ ಪೌಂಡ್ ಬದಲಿಸಿದಾಗಲೆಲ್ಲ ಇದನ್ನೂ ಬದಲಿಸಬೇಕು ಎಂಬುದನ್ನು ಮರೆಯಬೇಡಿ.

ಮೊದಲ ರಿಲೀಸ್ ಆಗಿ ಹಿಂಜ್ ಅಥವಾ ರೆಸಿಸ್ಟೆನ್ಸ್ ಕೊಳ್ಳುವುದು ನನಗೆ ಸರಿ ಕಾಣುವುದಿಲ್ಲ. ಅವು ಎರಡನೆಯದಾಗಿ ಬರಲಿ.

ಹಂತ 4: ಅಳತೆ ನೋಡಿ ಕೊಳ್ಳಿ

ಹೆಸರಾಂತ ಕಂಪನಿಯ ಕೈಹಿಡಿ ರಿಲೀಸಿಗೆ ಹದಿನೈದು, ಇಪ್ಪತ್ತು ಸಾವಿರ ದಾಟುವುದು ಸಾಮಾನ್ಯ. ಅಷ್ಟು ಹಣ ಕೊಟ್ಟು ಕೈಗೆ ಹೊಂದದ ಅಳತೆ ತರಿಸಿಕೊಂಡವರನ್ನು ನೋಡಿ ಬೇಸರವಾಗಿದೆ. ಚಿತ್ರ ನೋಡಿ ಕೊಳ್ಳಬೇಡಿ. ಮೈದಾನದಲ್ಲಿ ಯಾರದಾದರೂ ರಿಲೀಸ್ ಕೇಳಿ ಪಡೆದು ಹಿಡಿದು ನೋಡಿ. ಕಾಂಪೌಂಡ್ ಬಿಲ್ಲುಗಾರರು ಇದಕ್ಕೆ ಇಲ್ಲ ಎನ್ನುವವರಲ್ಲ.

ಹಿಡಿಯನ್ನು ಬೆರಳ ತುದಿಯಲ್ಲಿ ಹಿಡಿಯುವಂತಾದರೆ ಅದು ದೊಡ್ಡದು. ಬೆರಳುಗಳ ಮಧ್ಯದ ಕೀಲಿನ ಬಳಿ ಕೊಂಡಿಯಂತೆ ಕೂತು, ಹಿಂಗೈ ಚಪ್ಪಟೆಯಾಗಿ ಸಡಿಲವಾಗಿ ಉಳಿಯಬೇಕು. ಹೆಬ್ಬೆರಳಿನ ಉರುಳೆ ಬೆರಳ ತುದಿಗೆ ಬಾರದೆ ಬುಡದ ಮಡಿಕೆಗೆ ಬರಬೇಕು. ತುದಿಗೆ ಬಂದರೆ ಅದೂ ಇನ್ನೊಂದು ತೋರುಬೆರಳಾಗುತ್ತದೆ. ಹೆಚ್ಚಿನ ರಿಲೀಸುಗಳಲ್ಲಿ ಉರುಳೆಯನ್ನು ಸರಿಸಬಹುದು, ಸರಿಸಲಾಗದ್ದನ್ನು ಕೊಳ್ಳಬೇಡಿ. ಹದಿನಾಲ್ಕರ ಒಳಗಿನ ಮಕ್ಕಳಿಗೆ ಮೂರು ಬೆರಳಿನ ಸಣ್ಣ ಅಳತೆ ಸಾಕು. ನಾಲ್ಕನೇ ಬೆರಳಿನ ತುಂಡನ್ನು ಆಮೇಲೆ ಸೇರಿಸಬಹುದಾದ ಮಾದರಿಗಳೂ ಸಿಗುತ್ತವೆ.

ಮಣಿಕಟ್ಟಿನ ರಿಲೀಸನ್ನೇ ಕೊಳ್ಳುವವರು ಕಂಬಿಯ ಉದ್ದ ನೋಡಬೇಕು. ಪಟ್ಟಿಯನ್ನು ಬಿಗಿಯಾಗಿ ಕಟ್ಟಿ ಎಳೆದಾಗ ಟ್ರಿಗರ್ ತೋರುಬೆರಳಿನ ಮೊದಲ ಎರಡು ಕೀಲುಗಳ ನಡುವೆ ಕೂರಬೇಕು. ಬೆರಳನ್ನು ಚಾಚಿ ಮುಟ್ಟಬೇಕಾದರೆ ಕಂಬಿ ಉದ್ದವಾಯಿತು ಎಂದೇ ಅರ್ಥ. ಅಂಗಡಿಯಲ್ಲಿ ಕಟ್ಟಿಕೊಟ್ಟ ಅಳತೆಯಲ್ಲೇ ಬಳಸುವವರು ಹೆಚ್ಚು, ಚಟದ ಬೀಜ ಬೀಳುವುದು ಅಲ್ಲೇ.

ಹಂತ 5: ಬಿಲ್ಲು ಮುಟ್ಟುವ ಮೊದಲು ಹಗ್ಗದಲ್ಲಿ ಏಳು ದಿನ

ಹೊಸ ರಿಲೀಸ್ ಬಂದ ದಿನ ಕೈ ತುರಿಸುತ್ತದೆ. ಬಾಣವಿಲ್ಲದೆ ಬಿಲ್ಲನ್ನು ಒಮ್ಮೆ ಎಳೆದು ನೋಡೋಣ ಎನಿಸುತ್ತದೆ. ಬೇಡ. ಬಾಣವಿಲ್ಲದೆ ಹೆದೆ ಬಿಟ್ಟರೆ ಬಾಣಕ್ಕೆ ಹೋಗಬೇಕಿದ್ದ ಶಕ್ತಿಯೆಲ್ಲ ಬಿಲ್ಲಿಗೇ ತಿರುಗುತ್ತದೆ. ಲಿಂಬ್ (ಬಿಲ್ಲಿನ ಬಾಗುವ ತೋಳು) ಸೀಳಬಹುದು, ಕ್ಯಾಮ್ ಬಾಗಬಹುದು, ಹೆದೆ ಹಾರಿ ಕಣ್ಣಿಗೆ ಬಡಿಯಬಹುದು. ಪರಿಚಯವಿಲ್ಲದ ರಿಲೀಸ್ ಅರ್ಧ ಎಳೆತದಲ್ಲಿ ಬಿಟ್ಟುಬಿಡುವ ಸಂಭವ ಎಲ್ಲಕ್ಕಿಂತ ಹೆಚ್ಚು.

ನೈಲಾನ್ ಹಗ್ಗವನ್ನು ಕುಣಿಕೆ ಮಾಡಿ ಬಿಲ್ಲು ಹಿಡಿಯುವ ಕೈಗೆ ಹಾಕಿಕೊಳ್ಳಿ. ಇನ್ನೊಂದು ತುದಿ ರಿಲೀಸಿನ ಕೊಕ್ಕೆಗೆ. ಪೂರ್ತಿ ಎಳೆದಾಗ ಕೈ ಎಲ್ಲಿರುತ್ತದೋ ಅಲ್ಲಿಗೇ ಬರುವಂತೆ ಗಂಟಿನ ಉದ್ದ ಹೊಂದಿಸಿ. ಕನ್ನಡಿಯ ಮುಂದೆ ನಿಂತು ದಿನಕ್ಕೆ ಮೂವತ್ತು ಬಾರಿ ಬಿಡಿ. ಇಲ್ಲಿ ಬಿಟ್ಟರೆ ಹಗ್ಗ ಜಾರುತ್ತದೆ, ಅಷ್ಟೇ.

ಹೆಬ್ಬೆರಳಿನ ಬಟನ್ ಆದರೆ ಕ್ರಮ ಹೀಗೆ. ಕೊಕ್ಕೆ ಸಿಕ್ಕಿಸಿ, ಹೆಬ್ಬೆರಳನ್ನು ಉರುಳೆಯಿಂದ ದೂರವಿಟ್ಟು ಎಳೆಯಿರಿ. ತೋರುಬೆರಳು ಮತ್ತು ಮಧ್ಯಬೆರಳ ಗೆಣ್ಣುಗಳ ನಡುವೆ ದವಡೆಯ ಮೂಳೆ ಕೂರಲಿ. ಆ ಮೇಲೆ ಹೆಬ್ಬೆರಳನ್ನು ಉರುಳೆಯ ಮೇಲೆ ಗಟ್ಟಿಯಾಗಿ ಸುತ್ತಿ ಇಡಿ, ಬರೀ ತಾಗಿಸಬೇಡಿ. ನಂತರ ಹೆಬ್ಬೆರಳನ್ನು ಮರೆತು ಮೊಣಕೈಯನ್ನು ಹಿಂದಕ್ಕೆ ಎಳೆಯುತ್ತಾ ಹೋಗಿ. ಬಿಟ್ಟದ್ದು ಯಾವಾಗ ಎಂದು ನಿಮಗೇ ಮೊದಲು ತಿಳಿಯಬಾರದು. ತಿಳಿಯುತ್ತಿದ್ದರೆ ಟ್ರಿಗರಿನ ಬಿಗಿ ಸ್ಕ್ರೂವನ್ನು ಕಾಲು ಸುತ್ತು ಹೆಚ್ಚಿಸಿ. ಹೊಸಬರಿಗೆ ಗಟ್ಟಿ ಟ್ರಿಗರೇ ಸುರಕ್ಷಿತ. ಹಗುರವಾದರೆ ತಾಗಿದೊಡನೆ ಬಿಡುತ್ತದೆ, ಆಗ ಬೆರಳು ಹೆದರಿ ತಾಗಲು ಹಿಂಜರಿಯುತ್ತದೆ, ಕೊನೆಗೆ ಬಡಿಯುತ್ತದೆ.

ಹಿಂಜ್ ಆದರೆ ಎಳೆಯುವಾಗ ಹೆಬ್ಬೆರಳು ಗೂಟದ ಮೇಲೆ, ಭಾರ ತೋರುಬೆರಳ ಮೇಲೆ ಇರಲಿ. ಆ್ಯಂಕರಿಗೆ ಬಂದ ಮೇಲೆ ಹೆಬ್ಬೆರಳು ತೆಗೆದು, ತೋರುಬೆರಳನ್ನು ಮೆಲ್ಲನೆ ಸಡಿಲಿಸಿ, ಭಾರ ಮಧ್ಯದ ಮತ್ತು ಉಂಗುರದ ಬೆರಳಿಗೆ ಹರಿಯಲು ಬಿಡಿ. ಅರ್ಧಚಂದ್ರದ ತುಂಡನ್ನು ಮೊದಲು ನಿಧಾನಕ್ಕೆ ಬಿಡುವಂತೆ ಹೊಂದಿಸಿ, ಆಮೇಲೆ ಕೂದಲೆಳೆಯಷ್ಟು ಕೂದಲೆಳೆಯಷ್ಟು ಬೇಗ ಮಾಡಿ. ಪ್ರತಿ ಬಾರಿ ಮಾರ್ಕರಿನಿಂದ ಗುರುತು ಹಾಕಿಕೊಂಡರೆ ಹಿಂದಿನ ಜಾಗಕ್ಕೆ ಮರಳುವುದು ಸುಲಭ.

ಮಣಿಕಟ್ಟಿನದಾದರೆ ಎಳೆಯುವಾಗ ತೋರುಬೆರಳು ಟ್ರಿಗರಿನ ಹಿಂದೆ ಇರಲಿ. ಬಿಡುವಾಗ ಬೆರಳನ್ನು ಕೊಕ್ಕೆಯಂತೆ ಆಳವಾಗಿ ಸುತ್ತಿ, ಅದನ್ನು ಚಲಿಸದೆ, ಮೊಣಕೈಯನ್ನೇ ಹಿಂದಕ್ಕೆ ಎಳೆಯಿರಿ.

ಹಂತ 6: ಡಿ-ಲೂಪ್, ಪೀಪ್, ಎಳೆತದ ಉದ್ದ

ರಿಲೀಸ್ ಬದಲಾದರೆ ಕೈ ಕೂರುವ ಜಾಗ ಬದಲಾಗುತ್ತದೆ. ಮಣಿಕಟ್ಟಿನದರಿಂದ ಕೈಹಿಡಿಗೆ ಬಂದವರು ಇದನ್ನು ಗಮನಿಸದೆ, ಹೊಸ ರಿಲೀಸೇ ಸರಿಯಿಲ್ಲ ಎಂದು ಮಾರಿಬಿಡುತ್ತಾರೆ.

ಬಾಣ ಹೂಡಿ, ದಿಂಡಿನ ಮುಂದೆ ಐದು ಮೀಟರಿನಲ್ಲಿ ನಿಲ್ಲಿ. ಕಣ್ಣು ತೆರೆದು ಎಳೆದು ಆ್ಯಂಕರಿಗೆ ಬಂದು, ಬಿಲ್ಲು ದಿಂಡಿನತ್ತಲೇ ಇರುವಂತೆ ಕಣ್ಣು ಮುಚ್ಚಿ, ಕತ್ತು ಹಾಯಾಗಿರಲಿ, ಮತ್ತೆ ಕಣ್ಣು ತೆರೆಯಿರಿ. ಪೀಪಿನ (ಹೆದೆಯಲ್ಲಿ ಕೂರಿಸಿದ, ಕಣ್ಣಿಟ್ಟು ನೋಡುವ ಸಣ್ಣ ಬಳೆ) ಕಂಡಿಯ ನಡುವೆ ಸೈಟಿನ ವೃತ್ತ ಸರಿಯಾಗಿ ಕಂಡರೆ ಒಳ್ಳೆಯದು. ತಲೆ ಬಾಗಿಸಿ ಹುಡುಕಬೇಕಾದರೆ ಪೀಪನ್ನು ಸರಿಸಬೇಕು. ತಲೆ ಹೋಗಿ ಪೀಪಿಗೆ ಹೊಂದಿಕೊಳ್ಳಬಾರದು. ಆ್ಯಂಕರ್ ಎತ್ತರ ಬದಲಾಗಿರುವುದರಿಂದ ಸೈಟಿನ ಹಳೆಯ ಅಂಕಿಗಳೆಲ್ಲ ತಪ್ಪುತ್ತವೆ. ಹೊಸದಾಗಿ ಬರೆದುಕೊಳ್ಳಿ.

ಬಿಲ್ಲಿನ ಕೈ ಮೊಣಕೈಯಲ್ಲಿ ಮಡಿಯುತ್ತಿದ್ದರೆ, ಅಥವಾ ಹೆದೆ ಮೂಗನ್ನು ದಾಟಿ ಕೆನ್ನೆಗೆ ಒತ್ತುತ್ತಿದ್ದರೆ, ಎಳೆತದ ಉದ್ದ ಹೊಂದಿಲ್ಲ. ಸಣ್ಣ ವ್ಯತ್ಯಾಸವನ್ನು ಲೂಪಿನಲ್ಲೇ ಸರಿಪಡಿಸಬಹುದು. ಲೂಪಿನ ಉದ್ದ ಸಾಮಾನ್ಯವಾಗಿ ಅರ್ಧ ಇಂಚಿನಷ್ಟು. ಅದನ್ನು ತೀರಾ ಎಳೆದು ಉದ್ದ ಮಾಡುವುದಕ್ಕಿಂತ ಕ್ಯಾಮ್ ಮಾಡ್ಯೂಲ್ (ಎಳೆತದ ಉದ್ದ ನಿರ್ಧರಿಸುವ ಕ್ಯಾಮಿನ ತುಂಡು) ಬದಲಿಸುವುದು ಮೇಲು.

ಹಂತ 7: ಐದು ಮೀಟರ್, ಗುರಿಹಾಳೆ ಇಲ್ಲದೆ

ದಿಂಡಿನ ಮೇಲೆ ಹಾಳೆ ಅಂಟಿಸಬೇಡಿ. ಐದು ಮೀಟರಿನಿಂದ, ಏನನ್ನೂ ಗುರಿಯಿಡದೆ, ಹಗ್ಗದಲ್ಲಿ ಮಾಡಿದ್ದನ್ನೇ ಮಾಡಿ. ಎರಡು ವಾರ, ದಿನಕ್ಕೆ ನಲವತ್ತು ಬಾಣ. ಇದು ಬೇಸರದ ಕೆಲಸ ಎಂದು ನನಗೆ ಗೊತ್ತು. ಆದರೆ ಹಳದಿ ಕಣ್ಣಿಗೆ ಬಿದ್ದಾಗ ಮಾತ್ರ ಬೆರಳಿಗೆ ಗಾಬರಿ. ಹಳದಿಯೇ ಇಲ್ಲದಿದ್ದರೆ ಮೈ ಬೇರೆ ರೀತಿಯಲ್ಲಿ ಕಲಿಯುತ್ತದೆ.

ಏಳು ಸೆಕೆಂಡಿನೊಳಗೆ ಬಿಡದಿದ್ದರೆ ಇಳಿಸಿ ಮತ್ತೆ ಎಳೆಯಿರಿ. ಇಳಿಸುವುದು ಸೋಲಲ್ಲ. ಪಂದ್ಯದ 20 ಸೆಕೆಂಡಿನಲ್ಲಿ ಒಮ್ಮೆ ಇಳಿಸಿ ಮತ್ತೆ ಎಳೆಯಲು ಕಷ್ಟಪಟ್ಟಾದರೂ ಸಮಯ ಸಿಗುತ್ತದೆ, ಅದನ್ನು ಈಗಲೇ ಅಭ್ಯಾಸ ಮಾಡಿದವರಿಗೆ ಮಾತ್ರ. ಹಿಂಜ್ ಇರುವವರು ಇಳಿಸುವಾಗ ಮೊದಲು ಹೆಬ್ಬೆರಳನ್ನು ಗೂಟಕ್ಕೆ, ಆಮೇಲೆ ತೋರುಬೆರಳಿಗೆ ಭಾರ. ಈ ಕ್ರಮ ತಪ್ಪಿದರೆ ಇಳಿಸುವಾಗಲೇ ಬಾಣ ಹೋಗುತ್ತದೆ, ಬಿಲ್ಲು ಯಾವ ಕಡೆಗೆ ತಿರುಗಿದೆಯೋ ಆ ಕಡೆಗೆ. ಆದ್ದರಿಂದ ಎಳೆಯುವಾಗ, ಇಳಿಸುವಾಗ ಬಾಣದ ಮೊನೆ ದಿಂಡಿನತ್ತಲೇ ಇರಲಿ, ಆಕಾಶದತ್ತ ಎತ್ತಬೇಡಿ.

ಹಂತ 8: ದೂರ ಹೆಚ್ಚಿಸುವುದು

ಐದರಿಂದ ಹತ್ತು, ಹದಿನೆಂಟು, ಮೂವತ್ತು, ಐವತ್ತು. ಪ್ರತಿ ದೂರದಲ್ಲೂ ಮೊದಲು ದೊಡ್ಡ ಹಾಳೆ, ಆಮೇಲೆ ಸಣ್ಣದು. ಸೈಟಿನ ಚುಕ್ಕಿ ಹಳದಿಯ ಮೇಲೆ ತೇಲಾಡುತ್ತದೆ, ತೇಲಲಿ. ಅದನ್ನು ನಿಲ್ಲಿಸಲು ಹೋದರೆ ಬೆರಳು ಮತ್ತೆ ಬಡಿಯುತ್ತದೆ. ಒಂದು ದೂರದಲ್ಲಿ ಬಡಿತ ಮರುಕಳಿಸಿದರೆ ಎರಡು ಮೆಟ್ಟಿಲು ಹಿಂದಕ್ಕೆ ಹೋಗಿ.

ಚಿಕ್ಕಬಳ್ಳಾಪುರದ ಕಡೆ ಡಿಸೆಂಬರ್ ಬೆಳಗಿನಲ್ಲಿ ಹೊಡೆಯುವವರಿಗೆ ಒಂದು ಮಾತು. ಬೆರಳು ಮರಗಟ್ಟಿದಾಗ ಟ್ರಿಗರಿನ ಬಿಗಿ ತಿಳಿಯುವುದಿಲ್ಲ. ಬಿಸಿಲು ಬಂದು ಕೈ ಬೆಚ್ಚಗಾಗುವ ತನಕ ಹಗ್ಗದಲ್ಲೇ ಬಿಡಿ. ಏಪ್ರಿಲ್ ಬಿಸಿಲಿನಲ್ಲಿ ಇದಕ್ಕೆ ತದ್ವಿರುದ್ಧ, ಬೆವರಿಗೆ ಹಿತ್ತಾಳೆ ಹಿಡಿ ಜಾರುತ್ತದೆ. ಸೊಂಟದಲ್ಲಿ ಒಂದು ಹತ್ತಿಯ ಬಟ್ಟೆ ಇರಲಿ.

ಕೂಡಲೇ ನಿಲ್ಲಿಸಬೇಕಾದ ಸೂಚನೆಗಳು

ಡಿ-ಲೂಪ್ ಮೇಲೆ ಎಳೆ ಎದ್ದಿದೆ, ಅಥವಾ ಸುಟ್ಟು ಗಂಟು ಮಾಡಿದ ತುದಿ ಚಿಕ್ಕದಾಗಿದೆ ಎಂದರೆ ಆ ದಿನವೇ ಬದಲಿಸಿ. ಪೂರ್ತಿ ಎಳೆತದಲ್ಲಿ ಲೂಪ್ ತುಂಡಾದರೆ ಮುಷ್ಟಿ ಮುಖಕ್ಕೇ ಬರುತ್ತದೆ. ಹೊಸ ಲೂಪ್ ಬೇಗ ಬೇಗ ಸವೆಯುತ್ತಿದ್ದರೆ ಕೊಕ್ಕೆಯ ಅಂಚಿನಲ್ಲಿ ಮುಳ್ಳು ಎದ್ದಿರುತ್ತದೆ, ಉಗುರಿನಿಂದ ಸವರಿ ನೋಡಿ.

ರಿಲೀಸ್ ಒಮ್ಮೆಯಾದರೂ ನೀವು ಮುಟ್ಟದೆ ತಾನಾಗಿ ಬಿಟ್ಟಿತೇ? ಮತ್ತೆ ಬಿಲ್ಲಿಗೆ ಹಾಕಬೇಡಿ, ಹಗ್ಗಕ್ಕೆ ಮರಳಿ. ಹೆಚ್ಚಿನ ಸಲ ಕಾರಣ ನಮ್ಮ ಕೆಂಪುಮಣ್ಣು. ನೆಲಕ್ಕೆ ಬಿದ್ದ ರಿಲೀಸಿನ ಕೊಕ್ಕೆಯ ಬುಡಕ್ಕೆ ಸೇರಿದ ಸಣ್ಣ ಮರಳು ಕೊಕ್ಕೆ ಪೂರ್ತಿ ಮುಚ್ಚಿಕೊಳ್ಳಲು ಬಿಡುವುದಿಲ್ಲ. ಒಣ ಬ್ರಷ್ಷಿನಿಂದ ಕೆರೆದು ತೆಗೆಯಿರಿ. ಅಡುಗೆ ಎಣ್ಣೆ, ಹೊಲಿಗೆ ಯಂತ್ರದ ಎಣ್ಣೆ ಸುರಿಯಬೇಡಿ, ಅದು ಇನ್ನಷ್ಟು ಧೂಳು ಹಿಡಿಯುತ್ತದೆ. ತಯಾರಕರು ಹೇಳಿದ ಒಣ ಲೂಬ್ರಿಕಂಟ್ ಒಂದು ಹನಿ ಸಾಕು. ಒಳಭಾಗವನ್ನು ಬಿಚ್ಚುವುದು ಬೇಡ, ಒಳಗಿನ ಸ್ಪ್ರಿಂಗ್ ಹಾರಿದರೆ ಸಿಗುವುದಿಲ್ಲ.

ಭುಜದ ಹಿಂಭಾಗದ ಬದಲು ಮುಂಗೈ ನೋಯುತ್ತಿದ್ದರೆ ನೀವು ಹಿಡಿಯನ್ನು ಹಿಸುಕುತ್ತಿದ್ದೀರಿ. ಮೂರು ಬೆರಳಿನದು ಬಳಸಿ ನೋಡಿ, ಇಲ್ಲವೇ ಬಿಲ್ಲಿನ ಪೌಂಡ್ ಇಳಿಸಿ. ಸ್ಪರ್ಧೆಯಲ್ಲಿ ಗರಿಷ್ಠ ಮಿತಿ 60 ಪೌಂಡ್ ಎಂದಾಕ್ಷಣ ಎಲ್ಲರೂ 60 ಎಳೆಯಬೇಕಿಲ್ಲ.

ಹಂತ 9: ಪಂದ್ಯಕ್ಕೆ ಹೊರಡುವಾಗ

ಒಂದೇ ಮಾದರಿಯ, ಒಂದೇ ಬಿಗಿಗೆ ಹೊಂದಿಸಿದ ಇನ್ನೊಂದು ರಿಲೀಸ್ ಬತ್ತಳಿಕೆಯ ಜೇಬಿನಲ್ಲಿ ಇರಲಿ. ಹಣ ಸಾಲದಿದ್ದರೆ, ಮೈದಾನದಲ್ಲಿ ನಿಮ್ಮದೇ ಮಾದರಿ ಹಿಡಿಯುವ ಗೆಳೆಯರೊಬ್ಬರ ಜೊತೆ ಹಂಚಿಕೊಂಡು ಒಂದನ್ನು ಕೊಳ್ಳಿ. ಬೇರೆ ಬಗೆಯದನ್ನು ಹೆಚ್ಚುವರಿಯಾಗಿ ಒಯ್ಯುವುದರಿಂದ ಪ್ರಯೋಜನವಿಲ್ಲ. ಆ್ಯಂಕರ್ ಬದಲಾಗಿ ಸೈಟಿನ ಅಂಕಿಗಳೆಲ್ಲ ತಪ್ಪುತ್ತವೆ.

ಪಂದ್ಯದ ಹಿಂದಿನ ವಾರ ಯಾವ ಸ್ಕ್ರೂವನ್ನೂ ತಿರುಗಿಸಬೇಡಿ. ಸ್ಕ್ರೂಗಳ ಈಗಿನ ಸ್ಥಾನಕ್ಕೆ ಮಾರ್ಕರಿನಿಂದ ಗೆರೆ ಎಳೆದು, ಫೋನಿನಲ್ಲಿ ಒಂದು ಚಿತ್ರ ತೆಗೆದಿಟ್ಟುಕೊಳ್ಳಿ. ಬಸ್ಸಿನ ಕುಲುಕಾಟಕ್ಕೆ ಸ್ಕ್ರೂ ಸಡಿಲವಾದರೆ ಬೆಳಿಗ್ಗೆ ಅಭ್ಯಾಸದ ಬಾಣಗಳಿಗೆ ಮೊದಲು ಆ ಗೆರೆಗಳನ್ನು ನೋಡಿಕೊಂಡರಾಯಿತು.